ಅಕ್ಷರ ತಿದ್ದಿದ ಸನ್ಯಾಸಿ

ಎಲ್ಲರಿಗೂ ನಮಸ್ಕಾರ.

ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಸ್ನೇಹಿತರು ‘ಪೋಪಾ ಹತ್ರ ಸಿಗೋಣ’ ಅಂತಾರೆ. ಪೋಪಾ ಅಂದರೆ ಪಾದ್ರಿ. ಪೇಟೆ ಮಧ್ಯದ ಒಂದು ಪ್ರತಿಮೆಗೆ ಜನ ಇಟ್ಟ ಹೆಸರು ಅದು. ಅಲ್ಲಿ ನಿಂತಿರುವವರು ಬರೀ ಪಾದ್ರಿ ಅಲ್ಲ. ದೇಶದ ಚರ್ಚಿಗೇ ದೊಡ್ಡವರು, ಪೇಟ್ರಿಯಾರ್ಕ್ ಎವ್ತಿಮಿ. ಇವತ್ತಿನ ಮಾತು ಅವರ ಬಗ್ಗೆ.

ಎವ್ತಿಮಿ ಹುಟ್ಟಿದ್ದು ಸುಮಾರು 1325ರಲ್ಲಿ. ಆಗ ರಾಜಧಾನಿ ತರ್ನೊವೊ. ಹತ್ತಿರದ ಕಿಲಿಫಾರೆವೊದಲ್ಲಿ ತೆಯೊಡೋಸಿ ಎಂಬ ಗುರುಗಳ ಮಠ ಇತ್ತು. ಎವ್ತಿಮಿ ಅಲ್ಲಿ ಶಿಷ್ಯರಾದರು. ಆ ಮಠದವರದು ಮೌನದ ದಾರಿ. ಯೇಸುವಿನ ಹೆಸರಿರುವ ಒಂದು ಪುಟ್ಟ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಾ ಮನಸ್ಸನ್ನು ಒಂದು ಕಡೆ ನಿಲ್ಲಿಸುವುದು. ಜಪ ಅಂದರೆ ನಮಗೆ ಬೇಗ ಅರ್ಥ ಆಗುತ್ತದೆ, ಅಲ್ವಾ?

1363ರಲ್ಲಿ ಗುರುಗಳ ಜೊತೆ ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ ಹೋದರು. ಗುರುಗಳು ಅಲ್ಲೇ ತೀರಿಕೊಂಡರು. ಆಮೇಲೆ ಗ್ರೀಸ್‌ನ ಆಥೋಸ್ ಬೆಟ್ಟದ ಮಠಗಳು. ನಡುವೆ ಬೈಜಾಂಟೈನ್ ಚಕ್ರವರ್ತಿಯ ಕೋಪಕ್ಕೆ ಸಿಕ್ಕಿ ಲೆಮ್ನೋಸ್ ದ್ವೀಪಕ್ಕೆ ಗಡಿಪಾರು ಬೇರೆ. 1371ರ ಹೊತ್ತಿಗೆ ಊರಿಗೆ ವಾಪಸ್ ಬಂದು, ತರ್ನೊವೊ ಪಕ್ಕದಲ್ಲಿ ಪವಿತ್ರ ತ್ರಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಮೂರೂ ಒಂದೇ ದೇವರು ಅನ್ನುವ ನಂಬಿಕೆ) ಹೆಸರಿನಲ್ಲಿ ಮಠ ಕಟ್ಟಿದರು. 1375ರಲ್ಲಿ ಪೇಟ್ರಿಯಾರ್ಕ್ ಆದರು.

ಇವರನ್ನು ನಾನು ಮೆಚ್ಚುವುದು ಪದವಿಗಾಗಿ ಅಲ್ಲ, ಅಕ್ಷರದ ಹಠಕ್ಕಾಗಿ. ಆಗ ಪುಸ್ತಕ ಅಂದರೆ ಕೈಬರಹ. ಒಬ್ಬರು ಮಾಡಿದ ತಪ್ಪನ್ನು ಮುಂದಿನವರು ಹಾಗೇ ನಕಲು ಮಾಡುತ್ತಿದ್ದರು, ಜೊತೆಗೆ ತಮ್ಮದೂ ಒಂದಿಷ್ಟು ಸೇರಿಸುತ್ತಿದ್ದರು. ಮೂಗಿನಿಂದ ಹೊರಡುವ ಹಳೆಯ ಸ್ವರಗಳು ಆಡುಮಾತಿನಲ್ಲಿ ಬದಲಾಗಿದ್ದವು. ಅಕ್ಷರಗಳು ಮಾತ್ರ ಉಳಿದಿದ್ದವು. ಎಲ್ಲಿ ಯಾವುದು ಬರೆಯಬೇಕು ಅಂತ ತಿಳಿಯದೆ ಬರೆಯುವವರು ಒಂದರ ಜಾಗದಲ್ಲಿ ಇನ್ನೊಂದು ಹಾಕುತ್ತಿದ್ದರು. ಪ್ರಾರ್ಥನೆಯಲ್ಲಿ ಅಕ್ಷರ ತಪ್ಪಿದರೆ ಅರ್ಥ ತಪ್ಪುತ್ತದೆ, ಅರ್ಥ ತಪ್ಪಿದರೆ ನಂಬಿಕೆಯೇ ತಪ್ಪುತ್ತದೆ ಅನ್ನುವುದು ಈ ಪಂಥದ ಭಯ. ಹಾಗಾಗಿ ಎವ್ತಿಮಿ ಗ್ರೀಕ್ ಮೂಲ ಮುಂದಿಟ್ಟುಕೊಂಡು ಪುಸ್ತಕಗಳನ್ನು ತಿದ್ದಿದರು, ಬರಹವನ್ನು ಹಳೆಯ ಕ್ರಮಕ್ಕೆ ತಂದರು. ಆಡುವ ಭಾಷೆಯಿಂದ ಬರಹ ಇನ್ನಷ್ಟು ದೂರ ಆಯಿತು ಅನ್ನುವವರೂ ಇದ್ದಾರೆ. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ.

ಸಂತರ ಚರಿತ್ರೆಗಳನ್ನೂ ಅವರು ಬರೆದರು. ರಿಲಾದ ಇವಾನ್, ಮೊಗ್ಲೆನಾದ ಇಲಾರಿಯೊನ್, ಸಂತ ಪೆಟ್ಕಾ. ಪೆಟ್ಕಾಳ ಅಸ್ಥಿಯನ್ನು 13ನೇ ಶತಮಾನದಲ್ಲಿ ರಾಜ ಎರಡನೇ ಇವಾನ್ ಅಸೆನ್ ತರ್ನೊವೊಕ್ಕೆ ತರಿಸಿದ್ದ. ಅವಳೇ ಊರನ್ನು ಕಾಯುತ್ತಾಳೆ ಅನ್ನುವುದು ಜನರ ನಂಬಿಕೆ.

1393ರಲ್ಲಿ ಒಟ್ಟೋಮನ್ ತುರ್ಕರ ಸೈನ್ಯ ಬಂತು. ರಾಜ ಇವಾನ್ ಶಿಶ್‌ಮನ್ ಊರಲ್ಲಿ ಇರಲಿಲ್ಲ. ಊರು ಕಾಯುವ ಹೊಣೆ ಈ ಮೌನದ ಸನ್ಯಾಸಿಯ ಮೇಲೆ ಬಿತ್ತು. ಮುತ್ತಿಗೆ ಮೂರು ತಿಂಗಳು ನಡೆಯಿತು. ಜುಲೈ 17ರಂದು ತರ್ನೊವೊ ಬಿತ್ತು.

ಮುಂದಿನದನ್ನು ನಮಗೆ ಹೇಳುವವರು ಗ್ರಿಗೊರಿ ತ್ಸಂಬ್ಲಾಕ್. ಎವ್ತಿಮಿಯನ್ನು ಗುರು ಎಂದು ಕಂಡವರು, ಮುಂದೆ ಕೀವ್‌ನಲ್ಲಿ ಮೆಟ್ರೊಪಾಲಿಟನ್, ಅಂದರೆ ಚರ್ಚಿನ ಹಿರಿಯ ಧರ್ಮಾಧ್ಯಕ್ಷ, ಆದವರು. ಎವ್ತಿಮಿಯ ತಲೆ ಕಡಿಯಲು ಹೋದವನ ಕೈ ಮರಗಟ್ಟಿತಂತೆ. ಇದು ಭಕ್ತಿಯ ಮಾತು, ಹಾಗೇ ಕೇಳೋಣ. ಗಡಿಪಾರಾಗಿ ಹೊರಟಾಗ ಜನ ‘ನಮ್ಮನ್ನು ಯಾರಿಗೆ ಬಿಟ್ಟು ಹೋಗುತ್ತೀರಿ?’ ಅಂತ ಅತ್ತರಂತೆ. ಅವರು ತ್ರಯೇಕತ್ವಕ್ಕೆ ಬಿಟ್ಟಿದ್ದೇನೆ ಅಂದರಂತೆ. ಕೊನೆಯ ದಿನಗಳು ಬಚ್ಕೊವೊ ಮಠದಲ್ಲಿ ಕಳೆದವು ಅನ್ನುವುದು ಅಲ್ಲಿನವರ ನಂಬಿಕೆ.

ಊರು ಬಿದ್ದ ಮೇಲೆ ಪೆಟ್ಕಾಳ ಅಸ್ಥಿಯೂ ಅಲ್ಲಿ ಉಳಿಯಲಿಲ್ಲ. ಬಲ್ಗೇರಿಯಾದ ಇನ್ನೊಂದು ಊರು ವಿದಿನ್‌ಗೆ, ಅಲ್ಲಿಂದ ಸರ್ಬಿಯಾಕ್ಕೆ ಹೋಯಿತು. ಎವ್ತಿಮಿ ಬರೆದ ಚರಿತ್ರೆಯಲ್ಲಿ ಅವಳು ತರ್ನೊವೊಕ್ಕೆ ಬಂದವರೆಗಿನ ಕಥೆ ಇತ್ತು. ಅವಳು ಊರು ಬಿಟ್ಟುಹೋದ ಕಥೆಯನ್ನು ತ್ಸಂಬ್ಲಾಕ್ ಬರೆದರು.