ಟೆಂಡರ್‌ಗೆ ಮುಂಚೆ, ಟೆಂಡರ್ ಆದಮೇಲೆ

ಕೇಳುಗರೇ, ನಮಸ್ಕಾರ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ಇಲಾಖೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಅವತ್ತು ಆರ್ಥಿಕ ವರ್ಷದ ಕೊನೆಯ ದಿನ. ಸಾಹೇಬರು ಒಂದು ಬಿಲ್ ಮುಂದಿಟ್ಟರು. 60 ಕುರ್ಚಿ. "ಮಾಲು ಬಂದಿದೆ ಅಂತ ಬರೆದು ಸಹಿ ಹಾಕಪ್ಪ. ನಾಳೆ ಬಂದುಬಿಡುತ್ತೆ. ಇವತ್ತು ಬಿಲ್ ಪಾಸಾಗದಿದ್ದರೆ ಅನುದಾನ ವಾಪಸ್ ಹೋಗುತ್ತೆ" ಅಂದರು. ಹಾಕಿದೆ. ಕುರ್ಚಿ ಬಂದದ್ದು ಮೂರು ವಾರ ಬಿಟ್ಟು. ಎಣಿಸಿದೆ, 52. ಮತ್ತೆ ಎಣಿಸಿದೆ, 52. ದಾಸ್ತಾನು ಪುಸ್ತಕದಲ್ಲಿ ಮಾತ್ರ ನನ್ನದೇ ಅಕ್ಷರದಲ್ಲಿ 60 ಅಂತ ಇತ್ತು. ಉಳಿದ ಎಂಟು ಬರಲೇ ಇಲ್ಲ.

ಆ ಖರೀದಿಯ ಟೆಂಡರ್‌ನಲ್ಲಿ ಒಂದು ಲೋಪವೂ ಇರಲಿಲ್ಲ. ಪ್ರಕಟಣೆ ಕೊಟ್ಟಿದ್ದರು, ಸಮಿತಿ ಕೂತಿತ್ತು, ಎಲ್ಲರ ಎದುರು ದರ ಬರೆದ ಲಕೋಟೆ ಒಡೆದಿದ್ದರು. ಸರ್ಕಾರಿ ಖರೀದಿ ಅಂದ ಕೂಡಲೇ ನಮಗೆ ಟೆಂಡರ್ ಒಂದೇ ನೆನಪಾಗುತ್ತೆ, ಅಲ್ವಾ? ಪತ್ರಿಕೆಯವರೂ ಅದನ್ನೇ ನೋಡುತ್ತಾರೆ, ಮೇಲಿನವರೂ ಅದನ್ನೇ ನೋಡುತ್ತಾರೆ. ನಾನು ಕಂಡ ಮಟ್ಟಿಗೆ ಹಣ ಜಾಸ್ತಿ ಸೋರುವುದು ಟೆಂಡರ್‌ಗೆ ಮುಂಚೆ, ಇಲ್ಲವೇ ಟೆಂಡರ್ ಮುಗಿದ ಮೇಲೆ.

ಇಲಾಖೆಯ ಖರೀದಿ ನಿಂತಿರುವುದೇ ಒಂದು ಕಟ್ಟಳೆಯ ಮೇಲೆ. ಒಬ್ಬರ ಕೈಯಲ್ಲಿ ಎಲ್ಲವೂ ಇರಬಾರದು. ಬೇಕು ಅಂತ ಇಂಡೆಂಟ್ ಹಾಕುವವರು ಒಬ್ಬರು. ಟೆಂಡರ್ ಕರೆದು ಆರಿಸುವವರು ಇನ್ನೊಬ್ಬರು. ಮಾಲು ಎಣಿಸಿ, ಗುಣಮಟ್ಟ ನೋಡಿ ಒಳಗೆ ತೆಗೆದುಕೊಳ್ಳುವವರು ಮತ್ತೊಬ್ಬರು. ಹಣ ಕೊಡುವವರು ಬೇರೆಯೇ. ಯಾರು ಎಷ್ಟು ಮೊತ್ತದವರೆಗೆ ಮಂಜೂರು ಮಾಡಬಹುದು ಅನ್ನುವುದೂ ಬರಹದಲ್ಲಿರಬೇಕು. ನನ್ನ ಕಚೇರಿಯಲ್ಲೂ ನಾಲ್ಕು ಮೇಜು ಇದ್ದವು. ಆದರೆ ನಾಲ್ಕೂ ಮೇಜಿನವರು ಹೆದರುತ್ತಿದ್ದದ್ದು ಅದೇ ಒಬ್ಬ ಸಾಹೇಬರಿಗೆ. ಹಾಗಾಗಿ ಮಾಲು ತೆಗೆದುಕೊಳ್ಳುವವರು ಖರೀದಿ ಮಾಡುವವರ ಕೈಕೆಳಗೆ ಇರಲೇಬಾರದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಎಲ್ಲ ಕಚೇರಿಗೂ ಬೇಕಾದ ಕಾಗದ, ಕಂಪ್ಯೂಟರ್, ಔಷಧಿಯಂಥದ್ದನ್ನು ಒಟ್ಟಾಗಿ ಕೊಂಡರೆ ದರ ಇಳಿಯುತ್ತೆ. ಕೇಂದ್ರ ಕಚೇರಿ ದರ ಒಪ್ಪಂದ ಮಾಡಿಕೊಟ್ಟರೆ ಉಳಿದವರು ಬೇಕಾದಾಗ ಅದೇ ದರಕ್ಕೆ ತರಿಸಿಕೊಳ್ಳಬಹುದು. ನೀರಿನ ಪಂಪು ಕೆಟ್ಟಾಗ ಮಾತ್ರ ಅನುಮತಿಗೆ ಕಾಯುತ್ತಾ ಕೂರಲು ಆಗಲ್ಲ. ಅಂಥದ್ದು ಅಲ್ಲಲ್ಲೇ ಆಗಬೇಕು.

ಈಗ ಟೆಂಡರ್‌ಗೆ ಮುಂಚಿನ ಮಾತು. ಒಂದು ಸಲ ಪ್ರಿಂಟರ್ ಖರೀದಿಯ ಫೈಲು ನನ್ನ ಮೇಜಿಗೆ ಬಂತು. ಸ್ಪೆಸಿಫಿಕೇಶನ್ ಓದಿದೆ. ನಿಮಿಷಕ್ಕೆ ಎಷ್ಟು ಪುಟ, ಎಷ್ಟು ವರ್ಷ ವಾರಂಟಿ, ಎಲ್ಲ ಸರಿ. ಕೆಳಗಡೆ "ತೂಕ 11.3 ಕೆ.ಜಿ." ಅಂತ ಇತ್ತು. ಮೇಜಿನ ಮೇಲೆ ಇಟ್ಟಲ್ಲೇ ಇರುವ ಯಂತ್ರದ ತೂಕ ಯಾರಿಗೆ ಬೇಕು? ಹುಡುಕಿದರೆ ಆ ತೂಕಕ್ಕೆ ಸಿಕ್ಕಿದ್ದು ಒಂದೇ ಮಾದರಿ. ಯಾರೋ ಒಂದು ಕಂಪನಿಯ ಕೈಪಿಡಿಯನ್ನು ಹಾಗೇ ಇಳಿಸಿದ್ದರು. ಇನ್ನು ಎಷ್ಟು ಜನ ಲಕೋಟೆ ಹಾಕಿದರೂ ಗೆಲ್ಲುವವರು ಯಾರು ಅಂತ ಗೊತ್ತೇ ಇತ್ತು. ವಸ್ತು ಏನು ಕೆಲಸ ಮಾಡಬೇಕು ಅಂತ ಬರೆಯಬೇಕು, ಹೇಗೆ ಕಾಣಬೇಕು ಅಂತಲ್ಲ. ಆ ಒಂದು ಸಾಲು ಹೊಡೆದುಹಾಕಿ ಫೈಲು ವಾಪಸ್ ಕಳಿಸಿದೆವು.

ಇನ್ನೊಂದು ದಾರಿ, ತುಂಡು ಮಾಡುವುದು. ದೊಡ್ಡ ಖರೀದಿಗೆ ಟೆಂಡರ್ ಬೇಕು, ಚಿಕ್ಕದಕ್ಕೆ ಕೊಟೇಶನ್ ಸಾಕು ಅಂತ ನಿಯಮ ಇರುತ್ತೆ. ಆಗ ಒಂದೇ ಖರೀದಿಯನ್ನು ನಾಲ್ಕು ಬಿಲ್ ಮಾಡುತ್ತಾರೆ. ಬಿಲ್ಲುಗಳನ್ನು ಒಂದೊಂದಾಗಿ ನೋಡಿದರೆ ಇದು ಸಿಗಲ್ಲ. ವರ್ಷದ ಬಿಲ್ಲುಗಳನ್ನೆಲ್ಲ ಪೂರೈಕೆದಾರರ ಹೆಸರಿನ ಪ್ರಕಾರ ಜೋಡಿಸಿ, ತಾರೀಕು ನೋಡಬೇಕು. ಒಂದೇ ವಾರದಲ್ಲಿ ಒಂದೇ ಅಂಗಡಿಯ ನಾಲ್ಕು ಬಿಲ್ ಸಾಲಾಗಿ ನಿಲ್ಲುತ್ತವೆ. ಒಳ್ಳೆಯ ಆಡಿಟರ್ ಮೊದಲು ಮಾಡುವ ಕೆಲಸ ಇದೇ.

ಪೂರೈಕೆದಾರರೇ ಒಳಗೊಳಗೆ ಮಾತಾಡಿಕೊಂಡರೆ? ಇದಕ್ಕೆ ಓಇಸಿಡಿ, ಅಂದರೆ ಹೆಚ್ಚಾಗಿ ಶ್ರೀಮಂತ ದೇಶಗಳು ಸೇರಿ ಕಟ್ಟಿಕೊಂಡ ಆರ್ಥಿಕ ಸಹಕಾರ ಸಂಸ್ಥೆ, 2009ರಲ್ಲಿ ಮಾರ್ಗಸೂಚಿ ತಂದಿತು. ಏನೇನು ಗಮನಿಸಬೇಕು ಅಂತ ಅದರಲ್ಲಿದೆ. ಬೇರೆ ಬೇರೆ ಕಂಪನಿಗಳ ಅರ್ಜಿಯಲ್ಲಿ ಒಂದೇ ಕಾಗುಣಿತ ತಪ್ಪು. ಲೆಕ್ಕ ಕೂಡುವುದರಲ್ಲೂ ಒಂದೇ ತಪ್ಪು. ಗೆಲ್ಲುವ ಸರದಿ ಒಬ್ಬರಾದ ಮೇಲೆ ಒಬ್ಬರಿಗೆ. ಸೋತವರೇ ಆಮೇಲೆ ಗೆದ್ದವರ ಕೈಕೆಳಗೆ ಉಪಗುತ್ತಿಗೆ ಹಿಡಿಯುವುದು. ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದುವ ತಾಳ್ಮೆ ಇದ್ದರೆ ಇವೆಲ್ಲ ಕಣ್ಣಿಗೆ ಬೀಳುತ್ತವೆ.

ಮೇಲಿನವರ ಕಣ್ಣಷ್ಟೇ ಸಾಲದು. 2003ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ 9ನೇ ವಿಧಿ ಸರ್ಕಾರಿ ಖರೀದಿ ಬಗ್ಗೆಯೇ ಇದೆ. ನಿಯಮ ಮೊದಲೇ ಎಲ್ಲರಿಗೂ ಗೊತ್ತಿರಬೇಕು, ಸೋತವರಿಗೆ ಮೇಲ್ಮನವಿಗೆ ದಾರಿ ಇರಬೇಕು ಅನ್ನುತ್ತೆ. ಐರೋಪ್ಯ ಒಕ್ಕೂಟದ ದೊಡ್ಡ ಟೆಂಡರ್‌ಗಳಲ್ಲಿ ಗೆದ್ದವರು ಯಾರು ಅಂತ ತಿಳಿಸಿದ ಮೇಲೂ ಸಾಮಾನ್ಯವಾಗಿ ಕನಿಷ್ಠ 10 ದಿನ ಒಪ್ಪಂದಕ್ಕೆ ಸಹಿ ಹಾಕುವ ಹಾಗಿಲ್ಲ. ಸೋತವರು ಪ್ರಶ್ನೆ ಮಾಡಲು ಆ ಸಮಯ. ಉಕ್ರೇನ್‌ನಲ್ಲಿ 2016ರಿಂದ ಸರ್ಕಾರಿ ಖರೀದಿಗಳು ಪ್ರೊಜೊರೊ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತಿವೆ. ಯಾರು ಎಷ್ಟು ದರ ಬರೆದರು ಅಂತ ಮನೆಯಲ್ಲಿ ಕೂತವರೂ ನೋಡಬಹುದು.

ಆದರೆ ಯಾವ ಆನ್‌ಲೈನ್ ವ್ಯವಸ್ಥೆಯೂ ಲಾರಿಯಿಂದ ಇಳಿಯುವ ಪೆಟ್ಟಿಗೆ ಬಿಚ್ಚಿ ನೋಡಲ್ಲ. ಕಡಿಮೆ ದರ ಬರೆದು ಗೆದ್ದವರು ಒಪ್ಪಂದ ಆದಮೇಲೆ ತಿದ್ದುಪಡಿ ಕೇಳುತ್ತಾರೆ. ಇಲ್ಲವೇ ಮಾಲನ್ನೇ ಬದಲಿಸುತ್ತಾರೆ. ತಿದ್ದುಪಡಿಗೂ ಟೆಂಡರ್‌ನಷ್ಟೇ ಬಿಗಿಯಾದ ಮಂಜೂರಾತಿ ಬೇಕು. ಮಾಲಿಗೆ ಬೇಕಾದದ್ದು ಎಣಿಸುವ ಮನುಷ್ಯ.

ಆ ಕುರ್ಚಿಗಳಾದ ಮೇಲೆ ನಾನು ಎಣಿಸದೆ ಸಹಿ ಹಾಕಲಿಲ್ಲ. ವರ್ಷಗಳ ನಂತರ ಒಮ್ಮೆ 40 ಬ್ಯಾಟರಿ ಬಂದವು. ಲಾರಿ ಜೊತೆ ಬಂದ ಹುಡುಗ "ಸಾರ್, ಮೇಲಿನ ಸಾಲು ನೋಡಿದ್ರೆ ಸಾಕಲ್ವಾ?" ಅಂದ. ಕೆಳಗಿನ ಸಾಲನ್ನೇ ಮೊದಲು ಇಳಿಸಿ ಅಂದೆ. ಒಂಬತ್ತು ಬ್ಯಾಟರಿಗಳ ಮೇಲೆ ಎರಡು ವರ್ಷ ಹಳೆಯ ತಾರೀಕು ಇತ್ತು. ಪುಸ್ತಕ ತೆಗೆದು ಬರೆದೆ. ಬಂದದ್ದು 40, ತೆಗೆದುಕೊಂಡದ್ದು 31, ವಾಪಸ್ 9. ಹುಡುಗನ ಕೈಲೂ ಸಹಿ ಹಾಕಿಸಿದೆ. ಸಂಜೆ ಲಾರಿ ಆ ಒಂಬತ್ತನ್ನು ಹೇರಿಕೊಂಡು ಹೋಯಿತು.

ನಮಸ್ಕಾರ.