ಹೊಸ ಅಲಾಯ್ ವೀಲಿಗೆ ಎಂಥ ನಟ್ ಹಾಕಬೇಕು?

ಕೇಳುಗರಿಗೆ ನಮಸ್ಕಾರ. ಕಾರಿಗೆ ಹೊರಗಡೆ ಅಲಾಯ್ ವೀಲ್ ಹಾಕಿಸಬೇಕು ಅಂತಿರುವವರು ಸ್ವಲ್ಪ ಹತ್ತಿರ ಬನ್ನಿ. ಇವತ್ತಿನ ಮಾತು ನಿಮಗಾಗಿ.

ಜನ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತುತ್ತಾರೆ. ಡಿಸೈನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಹತ್ತಾರು ಸಾವಿರ ಎಣಿಸಿ ಕೊಡುತ್ತಾರೆ. ಆದರೆ ಆ 4 ಚಕ್ರವನ್ನು ಕಾರಿಗೆ ಹಿಡಿದಿಡುವ 16 ಇಲ್ಲವೇ 20 ನಟ್ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಅಂಗಡಿಯವರು ಹೊಳೆಯುವ ನಟ್ ಸುಮ್ನೆ ಕೊಟ್ಟರೆ ಖುಷಿಯಾಗಿ ಹಾಕಿಸಿಕೊಂಡು ಬರುತ್ತಾರೆ. ನನಗೆ ಇದೊಂದು ಸಹಿಸಲು ಆಗುವುದಿಲ್ಲ.

ನಾನು ಹೇಳುವುದು ಒಂದೇ. ಒಂದೇ ತುಂಡಿನ ಉಕ್ಕಿನ ನಟ್ ತಗೊಳ್ಳಿ. ಮೇಲೆ ಟೊಪ್ಪಿ ಹೊದಿಸಿದ ನಟ್ ಬೇಡ. ಕೆಂಪು, ನೀಲಿ ಬಣ್ಣದ ಅಲ್ಯೂಮಿನಿಯಂ ನಟ್ ಬೇಡ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಅಂಗಡಿಗೆ ಬರುವ ಮೇಷ್ಟ್ರೊಬ್ಬರು ಮಳೆಗಾಲದಲ್ಲಿ ಮನೆಯವರನ್ನು ಕರೆದುಕೊಂಡು ಉಡುಪಿಗೆ ಹೊರಟಿದ್ದರು. ಸ್ವಿಫ್ಟ್ ಕಾರು. ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯುವಾಗ ಮುಂದಿನ ಟೈರ್ ಪಂಕ್ಚರ್. ರಾತ್ರಿ, ಜಡಿಮಳೆ, ಹಿಂದಿನ ಸೀಟಿನಲ್ಲಿ ವಯಸ್ಸಾದ ತಾಯಿ. ಸ್ಟೆಪ್ನಿಯಲ್ಲಿ ಗಾಳಿ ಇತ್ತು, ಜಾಕ್ ಇತ್ತು, 19ರ ಸ್ಪ್ಯಾನರ್ ಇತ್ತು. ಆದರೆ ಸ್ಪ್ಯಾನರ್ ನಟ್ ಮೇಲೆ ಕೂರಲೇ ಇಲ್ಲ! ಮೇಷ್ಟ್ರು ತಿರುಗಿಸಿ ತಿರುಗಿಸಿ ನೋಡಿದರು. ಒಂದು ನಟ್ಟಿಗೂ ಹೋಗಲಿಲ್ಲ.

ಲಾರಿಯವನೊಬ್ಬ ಪುಣ್ಯಾತ್ಮ ನಿಲ್ಲಿಸಿದ. ಅವನ ಹತ್ತಿರ ಇದ್ದ ದೊಡ್ಡ ಸಾಕೆಟ್ ಹಾಕಿ ಹೇಗೋ 3 ನಟ್ ಬಿಚ್ಚಿದ. ನಾಲ್ಕನೆಯದಕ್ಕೆ ಬಲ ಹಾಕಿದಾಗ ಹೊಳೆಯುವ ತಗಡು ಕಿತ್ತು ಕೈಗೆ ಬಂತು. ಒಳಗೆ ತುಕ್ಕು ಹಿಡಿದ ಸಣ್ಣ ನಟ್. ಈಗ ದೊಡ್ಡ ಸಾಕೆಟ್ ಸುಮ್ನೆ ಸುತ್ತುತ್ತದೆ, ಸಣ್ಣದು ಇಲ್ಲ. "ಸಾರ್, ಇದು ನಟ್ಟೇ ಅಲ್ಲ, ಬರೀ ತಗಡು" ಅಂದನಂತೆ. ಕಾರನ್ನು ಎಳೆಸಿಕೊಂಡು ಮತ್ತೆ ಸಕಲೇಶಪುರಕ್ಕೆ ಹೋದರು. ಬೆಳಿಗ್ಗೆ ಮೆಕ್ಯಾನಿಕ್ ಹಳೇ ಸಾಕೆಟ್ ಒಂದನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಆ ನಟ್ ತೆಗೆದ. ಹೊಸ ಅಲಾಯ್ ಮೇಲೆ ಗೀರು ಬಿದ್ದಿದ್ದು ಬೇರೆ.

ಆಮೇಲೆ ಅವರು ಆ ನಟ್‌ಗಳನ್ನು ನನಗೆ ತಂದು ತೋರಿಸಿದರು. ವರ್ನಿಯರ್ ಹಿಡಿದು ಅಳೆದೆ. 19 ಮಿಲಿಮೀಟರ್ ಇರಬೇಕಾದದ್ದು ಕೆಲವು ಹತ್ತೊಂಬತ್ತೂವರೆ, ಕೆಲವು 20. ಆಗಿದ್ದು ಇಷ್ಟೇ. ಉಕ್ಕಿನ ನಟ್ ಮೇಲೆ ತೆಳು ತಗಡಿನ ಟೊಪ್ಪಿ ಒತ್ತಿರುತ್ತಾರೆ. ನಡುವಿನ ಸಂದಿಗೆ ನೀರು ಇಳಿಯುತ್ತದೆ. ಒಳಗೆ ತುಕ್ಕು. ಕಬ್ಬಿಣ ತುಕ್ಕಾದರೆ ಜಾಸ್ತಿ ಜಾಗ ಬೇಕು, ಅದು ಟೊಪ್ಪಿಯನ್ನು ಒಳಗಿನಿಂದ ಉಬ್ಬಿಸುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಂತೂ ಇದು ಇನ್ನೂ ಬೇಗ. ಮಂಗಳೂರು, ಕಾರವಾರ, ಕುಂದಾಪುರದವರೇ, ದಯವಿಟ್ಟು ಕೇಳಿಸಿಕೊಳ್ಳಿ. ಒಂದೇ ತುಂಡಿನ ಉಕ್ಕು.

ಅಂಗಡಿಯಲ್ಲಿ ಗುರುತು ಹಿಡಿಯುವುದು ಕಷ್ಟವಲ್ಲ. ನಟ್ಟಿನ ಆರು ಮೂಲೆ ಮುಗಿದು ಬುಡ ಶುರುವಾಗುವ ಕಡೆ ಉಗುರು ಆಡಿಸಿ. ಮಡಚಿದ ಅಂಚು ಉಗುರಿಗೆ ಸಿಕ್ಕಿದರೆ ಅದು ಟೊಪ್ಪಿ, ವಾಪಸ್ ಕೊಡಿ. ಇನ್ನೊಂದು, ಜೇಬಿನಲ್ಲಿ ಪುಟ್ಟ ಆಯಸ್ಕಾಂತ ಇಟ್ಟುಕೊಂಡು ಹೋಗಿ. ಅದಕ್ಕೆ ಅಂಟದಿದ್ದರೆ ಅಲ್ಯೂಮಿನಿಯಂ. ರೇಸಿನವರು ತೂಕ ಉಳಿಸಲು ಅಂಥದ್ದನ್ನು ಹಾಕಿ, ಆಗಾಗ ಬದಲಾಯಿಸುತ್ತಾರೆ. ಉಕ್ಕಿನ ಸ್ಟಡ್, ಅಂದರೆ ನಟ್ ತಿರುಗಿಸಿ ಕೂರಿಸುವ ಕಡ್ಡಿ, ಅದರ ಮೇಲೆ ಮತ್ತೆ ಮತ್ತೆ ಬಿಚ್ಚಿ ಹಾಕಿದರೆ ಮೆತ್ತನೆಯ ಥ್ರೆಡ್ ಸವೆದು ಹೋಗುತ್ತದೆ. ಆಫೀಸಿಗೆ, ಊರಿಗೆ ಓಡಾಡುವ ಕಾರಿಗೆ ಅದೆಲ್ಲ ಯಾಕೆ, ಅಲ್ವಾ?

ಉಕ್ಕಿನದೇ ತಗೊಂಡರೂ ಬುಡದ ಆಕಾರ ಹೊಂದಬೇಕು. ಹೊರಗೆ ಸಿಗುವ ಹೆಚ್ಚಿನ ಅಲಾಯ್‌ಗಳ ತೂತು ಲಾಳಿಕೆಯ ಹಾಗೆ 60 ಡಿಗ್ರಿ ಓರೆ. ಹೋಂಡಾ ಕಾರಿನ ಜೊತೆ ಬಂದ ನಟ್ಟಿನ ಬುಡ ಉಂಡೆ. ಟೊಯೋಟಾದ ಎಷ್ಟೋ ಅಲಾಯ್ ನಟ್‌ಗಳ ಬುಡ ಚಪ್ಪಟೆ, ವಾಷರ್ ಇರುತ್ತದೆ. ಇವನ್ನು ಓರೆ ತೂತಿಗೆ ಬಿಗಿದರೆ ಗಟ್ಟಿಯಾದ ಹಾಗೆ ಕಾಣುತ್ತದೆ, ಆದರೆ ಪೂರ್ತಿ ಕೂತಿರುವುದಿಲ್ಲ. ಅನುಮಾನ ಇದ್ದರೆ ಬುಡಕ್ಕೆ ಮಾರ್ಕರ್ ಪೆನ್ನಿನ ಮಸಿ ಬಳಿದು, ಬಿಗಿದು, ಬಿಚ್ಚಿ ನೋಡಿ. ಮಸಿ ಸುತ್ತಲೂ ಅಗಲವಾಗಿ ಉಜ್ಜಿರಬೇಕು. ಸಣ್ಣ ಗೆರೆ ಮಾತ್ರ ಉಜ್ಜಿದ್ದರೆ ಆ ನಟ್ ಬೇಡ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಥ್ರೆಡ್ ನೋಡಿ. ಸ್ವಿಫ್ಟ್, ಬಲೆನೊಗೆ 12ಕ್ಕೆ 1.25, ಅಂದರೆ ಸ್ಟಡ್ ದಪ್ಪ 12 ಮಿಲಿಮೀಟರ್, ಥ್ರೆಡ್ಡಿನ ಒಂದು ಸುತ್ತಿನಿಂದ ಇನ್ನೊಂದಕ್ಕೆ 1.25 ಮಿಲಿಮೀಟರ್; ಹೋಂಡಾ ಸಿಟಿಗೆ 12ಕ್ಕೆ 1.5. ಕಣ್ಣಿಗೆ ಎರಡೂ ಒಂದೇ ಥರ, ತಪ್ಪಿ ಹಾಕಿದರೆ ಸ್ಟಡ್ ಹಾಳು. ಪೋಲೊ, ವೆಂಟೊದವರಿಗೆ ನಟ್ ಅಲ್ಲ, ಬೋಲ್ಟ್. ಮೊದಲು ಕೈಯಲ್ಲೇ ತಿರುಗಿಸಿ ಹತ್ತಿಸಿ. 12ರ ಸ್ಟಡ್ಡಿಗೆ ನಟ್ ಕಡೇಪಕ್ಷ 8 ಸುತ್ತು ಹೋಗಬೇಕು. ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಏರ್ ಗನ್ನಿನಲ್ಲಿ ಬಡಿಸಬೇಡಿ, ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿಸಿ, ಎಷ್ಟು ಅಂತ ಕಾರಿನ ಪುಸ್ತಕದಲ್ಲಿದೆ. 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಸ್ಟೆಪ್ನಿ ಬಹಳಷ್ಟು ಕಾರುಗಳಲ್ಲಿ ಹಳೇ ಕಬ್ಬಿಣದ ಚಕ್ರವೇ ಆಗಿರುತ್ತದೆ. ಹೊಸ ನಟ್ ಅದಕ್ಕೆ ಹೊಂದದೆ ಇರಬಹುದು. ಅದಕ್ಕೇ ಕಂಪನಿಯಿಂದ ಬಂದ ಹಳೇ ನಟ್‌ಗಳನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಒಂದು ಬಟ್ಟೆ ಚೀಲಕ್ಕೆ ಹಾಕಿ, ಸ್ಟೆಪ್ನಿ ಜೊತೆಯಲ್ಲೇ ಡಿಕ್ಕಿಯಲ್ಲಿಡಿ. ನಮಸ್ಕಾರ.