ಮೆಂಫಿಸ್‌ನ ನಾಲ್ವರು ಹುಡುಗರ ಇಂಪು

ಕೇಳುಗರಿಗೆಲ್ಲ ನಮಸ್ಕಾರ.

ನನಗೆ ತುಂಬಾ ಇಷ್ಟವಾದ ಒಂದು ಆಲ್ಬಮ್ ಬಗ್ಗೆ ಇವತ್ತು ಮಾತಾಡುತ್ತೇನೆ. 1972ರಲ್ಲಿ ಅಮೆರಿಕದ ಮೆಂಫಿಸ್ ನಗರದಿಂದ ಬಂದದ್ದು. ತಂಡದ ಹೆಸರು ಬಿಗ್ ಸ್ಟಾರ್. ಆಲ್ಬಮ್ ಹೆಸರು 'ನಂಬರ್ ಒನ್ ರೆಕಾರ್ಡ್'. ಒಟ್ಟು 12 ಹಾಡು. ಎಲ್ಲ ಸೇರಿ ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಗಿಟಾರ್, ಬೇಸ್, ಡ್ರಮ್ಸ್, ಅದರ ಮೇಲೆ ಗುನುಗಿಕೊಳ್ಳಬೇಕು ಅನ್ನಿಸುವ ಧಾಟಿ. ಪಾಪ್-ರಾಕ್ ಅಂತ ನಾವು ಕರೆಯುವುದು ಇದನ್ನೇ.

ಹಾಡು ಇಂಪಾಗಿದೆ ಅಂದರೆ ಕೆಲವರಿಗೆ ಒಂದು ಅನುಮಾನ ಬರುತ್ತದೆ. ಕಿವಿಗೇನೋ ಹಿತ, ಒಳಗೆ ಏನಾದರೂ ಇದೆಯಾ ಅಂತ. ರಾಕ್ ಸಂಗೀತವನ್ನು ಹಚ್ಚಿಕೊಂಡವರಲ್ಲಿ ಈ ಅನುಮಾನ ಇನ್ನೂ ಜಾಸ್ತಿ. ಗದ್ದಲ ಇರಬೇಕು, ಸಿಟ್ಟು ಇರಬೇಕು, ದನಿ ಒರಟಾಗಿರಬೇಕು, ಆಗಲೇ ಅದು ಮನಸ್ಸಿನಿಂದ ಬಂದ ಹಾಡು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಈ ಆಲ್ಬಮ್‌ನಲ್ಲಿ ಒಂಟಿತನ ಇದೆ, ಹೆದರಿಕೆ ಇದೆ, ದೇವರಿಗೆ ಇಟ್ಟ ಮೊರೆ ಇದೆ. ಅದಷ್ಟನ್ನೂ ನಮ್ಮ ತನಕ ಹೊತ್ತು ತರುವುದು ಆ ಇಂಪೇ. ಹೇಗೆ ಅಂತ ಹೇಳುವ ಮುಂಚೆ ಆ ಹುಡುಗರು ಯಾರು, ಎಲ್ಲಿಯವರು ಅನ್ನುವುದನ್ನು ಹೇಳಬೇಕು.

ಮೆಂಫಿಸ್ ಇರುವುದು ಟೆನ್ನೆಸ್ಸೀ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಮೇಲೆ. ಸಂಗೀತಕ್ಕೇ ಹೆಸರಾದ ಊರು. ಎಲ್ವಿಸ್ ಪ್ರೆಸ್ಲಿ ಅವರ ಮೊದಲ ರೆಕಾರ್ಡ್ ಬಂದದ್ದು ಇಲ್ಲಿನ ಸನ್ ಕಂಪನಿಯಿಂದ. ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಹಾಡಿದ್ದು ಇಲ್ಲಿನ ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೋದಲ್ಲಿ. ಅಮೆರಿಕದ ಕಪ್ಪು ಜನ ಕಟ್ಟಿದ ಬ್ಲೂಸ್ ಮತ್ತು ಸೋಲ್ ಸಂಗೀತ ಊರಿನ ಉಸಿರಲ್ಲೇ ಇತ್ತು. ಬಿಗ್ ಸ್ಟಾರ್ ತಂಡ ಕಟ್ಟಿದವರಲ್ಲಿ ಒಬ್ಬರು ಕ್ರಿಸ್ ಬೆಲ್. ಇಂಥ ಊರಲ್ಲಿ ಬೆಳೆದ ಅವರಿಗೆ ಹುಚ್ಚು ಹತ್ತಿದ್ದು ಮಾತ್ರ ಇಂಗ್ಲೆಂಡಿನ ತಂಡಗಳದ್ದು. ಅದರಲ್ಲೂ ಬೀಟಲ್ಸ್. 1970ರ ಹೊತ್ತಿಗೆ ಬೀಟಲ್ಸ್ ಒಡೆದು ಹೋಗಿದ್ದರು. ಮೂರು ನಿಮಿಷದ ಚೊಕ್ಕ ಪಾಪ್ ಹಾಡು ಹಳೇ ಫ್ಯಾಷನ್ ಆಗಿತ್ತು. ರಾಕ್ ತಂಡಗಳು ಹತ್ತು ಹದಿನೈದು ನಿಮಿಷ ಗಿಟಾರ್ ಬಾರಿಸುತ್ತಿದ್ದ ಕಾಲ ಅದು. ಬೆಲ್ ಅವರಿಗೆ ಬೇಕಾಗಿದ್ದದ್ದು ಆ ಚೊಕ್ಕ ಹಾಡೇ.

ಅದೃಷ್ಟಕ್ಕೆ ಅದೇ ಊರಲ್ಲಿ ಆರ್ಡೆಂಟ್ ಅನ್ನುವ ಸ್ಟುಡಿಯೋ ಇತ್ತು. ಅದರ ಯಜಮಾನರು ಜಾನ್ ಫ್ರೈ. ಸ್ಟ್ಯಾಕ್ಸ್ ಕಂಪನಿಯವರು ತಮ್ಮಲ್ಲಿ ಹಿಡಿಸದಷ್ಟು ಕೆಲಸ ಬಂದಾಗ ಇಲ್ಲಿಗೆ ಕಳಿಸುತ್ತಿದ್ದರು. ಅಷ್ಟು ಒಳ್ಳೆಯ ಯಂತ್ರಗಳು, ಅಷ್ಟು ಒಳ್ಳೆಯ ಕಿವಿ. ಫ್ರೈ ಅವರು ಊರಿನ ಆಸಕ್ತ ಹುಡುಗರನ್ನು ಕರೆದು ರೆಕಾರ್ಡಿಂಗ್ ಪಾಠ ಹೇಳಿಕೊಟ್ಟರು. ಮೈಕ್ ಎಲ್ಲಿಡಬೇಕು, ಟೇಪ್ ಹೇಗೆ ಓಡಿಸಬೇಕು, ದನಿಗಳನ್ನು ಹೇಗೆ ಬೆರೆಸಬೇಕು, ಎಲ್ಲ. ಕಲಿತವರ ಕೈಗೆ ಸ್ಟುಡಿಯೋದ ಬೀಗದ ಕೈಯನ್ನೂ ಕೊಟ್ಟರು. ದುಡ್ಡು ಕೊಡುವ ಗಿರಾಕಿಗಳು ಹೊರಟ ಮೇಲೆ ರಾತ್ರಿಯೆಲ್ಲ ಸ್ಟುಡಿಯೋ ಈ ಹುಡುಗರದ್ದೇ. ಈ ಆಲ್ಬಮ್‌ನ ಒಂದೊಂದು ದನಿಯೂ ಅಷ್ಟು ತಿಳಿಯಾಗಿ ಕೇಳುವುದಕ್ಕೆ ಇದು ಕಾರಣ. ಅವಸರವಿಲ್ಲದೆ ಮಾಡಿದ ಕೆಲಸ, ಗಡಿಯಾರ ನೋಡಿ ಮಾಡಿದ್ದಲ್ಲ.

ಆಮೇಲೆ ಅಲೆಕ್ಸ್ ಚಿಲ್ಟನ್ ಬಂದರು. ಇವರ ಕಥೆ ಸ್ವಲ್ಪ ಬೇರೆ. 1967ರಲ್ಲಿ ಬಾಕ್ಸ್ ಟಾಪ್ಸ್ ಅನ್ನುವ ತಂಡದಲ್ಲಿ ಇವರು ಹಾಡಿದ 'ದಿ ಲೆಟರ್' ಅಮೆರಿಕದಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಎರಡು ನಿಮಿಷವೂ ಇಲ್ಲದ ಹಾಡು. ಹಾಡಿದವರ ದನಿ ಸಿಗರೇಟು ಸೇದಿ ಸೇದಿ ಕೆಟ್ಟ ನಡುವಯಸ್ಸಿನವರದ್ದು ಅನ್ನಿಸುತ್ತದೆ. ಆಗ ಚಿಲ್ಟನ್‌ಗೆ 16 ವರ್ಷ! ಆ ತಂಡದಲ್ಲಿ ಇವರ ಮಾತು ನಡೆಯುತ್ತಿರಲಿಲ್ಲ. ಏನು ಹಾಡಬೇಕು, ಹೇಗೆ ಹಾಡಬೇಕು ಅನ್ನುವುದನ್ನು ಬೇರೆಯವರೇ ತೀರ್ಮಾನ ಮಾಡುತ್ತಿದ್ದರು. ಕೊನೆಗೆ ಬಿಟ್ಟು ಬಂದರು. 1971ರಲ್ಲಿ ಬೆಲ್ ಅವರ ಜೊತೆ ಸೇರಿದಾಗ ಇವರಿಗೆ ಇಪ್ಪತ್ತು. ಬಿಗ್ ಸ್ಟಾರ್‌ನಲ್ಲಿ ಆ ಒರಟು ದನಿ ಕೇಳುವುದೇ ಇಲ್ಲ. ತೆಳುವಾದ, ಏರು ಶ್ರುತಿಯ, ಹುಡುಗನ ದನಿ. ತೋರಿಕೆಗೆ ದೊಡ್ಡವರ ಹಾಗೆ ಹಾಡಿದ್ದು ಹದಿನಾರರಲ್ಲಿ. ತನ್ನ ವಯಸ್ಸಿನ ದನಿಯಲ್ಲಿ ಹಾಡಿದ್ದು ಇಲ್ಲಿ.

ಬೇಸ್ ನುಡಿಸಿದ್ದು ಆಂಡಿ ಹಮ್ಮೆಲ್, ಡ್ರಮ್ಸ್ ಜೋಡಿ ಸ್ಟೀಫನ್ಸ್. ತಂಡಕ್ಕೆ ಹೆಸರು ಬಂದದ್ದು ಸ್ಟುಡಿಯೋ ಎದುರಿಗಿದ್ದ ದಿನಸಿ ಅಂಗಡಿಯಿಂದ. ಬಿಗ್ ಸ್ಟಾರ್ ಅನ್ನುವುದು ಆ ಭಾಗದ ಸೂಪರ್ ಮಾರ್ಕೆಟ್‌ಗಳ ಹೆಸರು.

ಈಗ ಆ ಇಂಪಿನ ವಿಷಯಕ್ಕೆ ಬರೋಣ. ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ರಾಗ ಒಂದೇ ಎಳೆಯಾಗಿ ಸಾಗುತ್ತದೆ. ಗಾಯಕರು ಒಂದು ಸ್ವರದ ಮೇಲೆ ನಿಂತು ಅದನ್ನೇ ಬಳುಕಿಸುತ್ತಾರೆ, ಗಮಕ ಕೊಡುತ್ತಾರೆ. ಇಂಪು ಹುಟ್ಟುವುದು ಆ ಬಳುಕಿನಲ್ಲಿ. ಈ ಹಾಡುಗಳಲ್ಲಿ ದನಿ ಅಷ್ಟಾಗಿ ಬಳುಕುವುದಿಲ್ಲ. ಒಬ್ಬರು ಧಾಟಿ ಹಾಡುತ್ತಾರೆ, ಇನ್ನೊಬ್ಬರು ಅದೇ ಹೊತ್ತಿಗೆ ಬೇರೆ ಸ್ವರದಲ್ಲಿ ಅದೇ ಮಾತು ಹಾಡುತ್ತಾರೆ. ಇದೇ ಹಾರ್ಮನಿ. ಎರಡು ಮೂರು ದನಿ ಒಟ್ಟಿಗೆ ಸರಿಯಾಗಿ ಕೂತಾಗ ಮೈ ಜುಮ್ಮೆನ್ನುತ್ತದೆ. ಬೆಲ್ ಅವರು ಇದರಲ್ಲಿ ಪಳಗಿದವರು. ಟೇಪಿನಲ್ಲಿ ಒಂದು ದನಿಯ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಅಂತ ಪದರ ಪದರವಾಗಿ ಸೇರಿಸಿದರು. ಗಿಟಾರ್‌ಗಳನ್ನೂ ಹಾಗೇ ಸೇರಿಸಿದರು.

ಮೊದಲ ಹಾಡು 'ಫೀಲ್'. ಬೆಲ್ ಅವರೇ ಹಾಡಿದ್ದು, ಬಹುಪಾಲು ಚೀರಿದ್ದು ಅನ್ನಬೇಕು. ಹುಡುಗಿಯಿಂದಾಗಿ ತಾನು ಸಾಯುತ್ತಿದ್ದೇನೆ ಅನ್ನುವಷ್ಟು ನೋವಿನ ಮಾತು. ನಡುವೆ ಮೆಂಫಿಸ್‌ನ ಸೋಲ್ ಹಾಡುಗಳಲ್ಲಿ ಬರುವ ಹಾಗೆ ಊದುವಾದ್ಯಗಳು ಬರುತ್ತವೆ. ಇಂಗ್ಲೆಂಡಿನ ಹುಚ್ಚಿದ್ದರೂ ಊರಿನ ಗಾಳಿ ಬಿಡುತ್ತದೆಯೇ? ಮಾತು ಅಷ್ಟು ಸಂಕಟದ್ದು, ಧಾಟಿ ಮಾತ್ರ ಬೆಳಗಿನ ಬಿಸಿಲಿನಷ್ಟು ಲವಲವಿಕೆಯದ್ದು. ಎರಡೂ ಒಟ್ಟಿಗೆ ಬಂದಾಗ ಆ ಹುಡುಗನ ಸಂಕಟ ಬರಿಯ ಗೋಳಾಗುವುದಿಲ್ಲ. ಬದುಕಬೇಕು ಅನ್ನುವ ಆಸೆಯೂ ಅದರ ಜೊತೆಗೇ ಕೇಳಿಸುತ್ತದೆ.

ಎರಡನೆಯದು 'ದಿ ಬ್ಯಾಲಡ್ ಆಫ್ ಎಲ್ ಗುಡೋ'. ಇದು ನಿಧಾನದ ಹಾಡು. ಗಿಟಾರ್ ತಂತಿಗಳನ್ನು ಒಂದೊಂದಾಗಿ ಮೀಟುತ್ತಾ ಶುರುವಾಗುತ್ತದೆ. ಚಿಲ್ಟನ್ ಮೆಲ್ಲಗೆ, ಹೆಚ್ಚೂಕಡಿಮೆ ತಮಗೇ ಹೇಳಿಕೊಳ್ಳುವ ಹಾಗೆ ಹಾಡುತ್ತಾರೆ. ಎದುರಿಗಿರುವುದು ತೀರಾ ದೊಡ್ಡದು, ಆದರೂ ನಿಂತಿದ್ದೇನೆ ಅನ್ನುವ ಅರ್ಥ ಬರುತ್ತದೆ. ಒಂದು ಕಡೆ, ಅವರು ನಿನಗೆ ದಿರಿಸು ತೊಡಿಸಿ ಸಾಲಲ್ಲಿ ನಿಲ್ಲಿಸುತ್ತಾರೆ, ಆದರೆ ನೀನು ಬೇಡ ಅನ್ನಬಹುದು ಅನ್ನುತ್ತಾರೆ. ಅಮೆರಿಕ ಆಗ ವಿಯೆಟ್ನಾಂ ಯುದ್ಧದಲ್ಲಿತ್ತು. ಈ ವಯಸ್ಸಿನ ಹುಡುಗರಿಗೆ ಕಡ್ಡಾಯವಾಗಿ ಸೇನೆಗೆ ಸೇರಬೇಕೆಂಬ ಕರೆ ಬರುತ್ತಿತ್ತು. ಆಗ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಲ್ಲವಿ ಬಂದಾಗ ಡ್ರಮ್ಸ್ ತೆರೆದುಕೊಳ್ಳುತ್ತದೆ, ಎಲ್ಲ ದನಿಗಳೂ ಒಟ್ಟಿಗೆ ಏಳುತ್ತವೆ. ನನ್ನನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು ಅನ್ನುವುದು ಅದರ ತಿರುಳು. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಕಪ್ಪು ಜನ ಹಾಡುತ್ತಾ ನಡೆದ ಹಾಡಿನಲ್ಲೂ ಇದೇ ಮಾತಿದೆ. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದದ್ದು ಮೆಂಫಿಸ್‌ನಲ್ಲೇ, 1968ರ ಏಪ್ರಿಲ್ 4ರಂದು. ಆ ಊರಿನ ಹುಡುಗರ ಬಾಯಲ್ಲಿ ಈ ಮಾತು ಬಂದಾಗ ನನ್ನ ಕಿವಿಗೆ ಅದೂ ಕೇಳಿಸುತ್ತದೆ. ಇದೇ ಮಾತನ್ನು ಘೋಷಣೆಯ ಹಾಗೆ ಕೂಗಿದ್ದರೆ ನಾನು ಒಂದು ಸಲ ಕೇಳಿ ಸುಮ್ಮನಾಗುತ್ತಿದ್ದೆ. ಹೆದರಿದ ಹುಡುಗ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಾನೆ, ಗೆಳೆಯರ ದನಿ ಅವನಿಗೆ ಆಸರೆಯಾಗುತ್ತದೆ. ಇಲ್ಲಿ ಹಾರ್ಮನಿಯ ಕೆಲಸವೇ ಅದು. ನನ್ನ ಪ್ರಕಾರ ಇಡೀ ಆಲ್ಬಮ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಹಾಡು ಇದೇ.

ಆದರೆ ಜನ ಜಾಸ್ತಿ ಪ್ರೀತಿಸಿದ್ದು ನಾಲ್ಕನೆಯದನ್ನು. ಅದರ ಹೆಸರು 'ಥರ್ಟೀನ್'. ಅಂದರೆ ಹದಿಮೂರು ವರ್ಷ. ಡ್ರಮ್ಸ್ ಇಲ್ಲ. ಅಕೂಸ್ಟಿಕ್ ಗಿಟಾರ್, ಚಿಲ್ಟನ್ ಅವರ ದನಿ, ಹಿಂದೆ ಹಗುರವಾಗಿ ಜೊತೆಗೂಡುವ ಹಾರ್ಮನಿ, ಇಷ್ಟೇ. ಪಲ್ಲವಿಯೂ ಇಲ್ಲ, ಬರೀ ಮೂರು ಚರಣ. ಮೊದಲನೆಯದರಲ್ಲಿ ಹುಡುಗ ಕೇಳುತ್ತಾನೆ, ಸ್ಕೂಲಿಂದ ಮನೆ ತನಕ ನಿನ್ನ ಜೊತೆ ನಡೆದು ಬರಲಾ, ಈಜುಕೊಳದ ಹತ್ತಿರ ಸಿಗಲಾ, ಶುಕ್ರವಾರದ ಡ್ಯಾನ್ಸ್‌ಗೆ ಟಿಕೆಟ್ ತರಲಾ ಅಂತ. ಎರಡನೆಯದರಲ್ಲಿ ಹುಡುಗಿಯ ಅಪ್ಪ ಬರುತ್ತಾರೆ. ಅವರಿಗೆ ಇವನನ್ನು ಕಂಡರೆ ಆಗುವುದಿಲ್ಲ. ಅವರ ಜೊತೆ ಇವನ ವಾದ ರಾಕ್ ಸಂಗೀತದ ಬಗ್ಗೆ! ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ವಿಷಯ ಇನ್ನೇನಿದೆ?

ಮೂರನೆಯ ಚರಣಕ್ಕೆ ಬಂದಾಗ ಧೈರ್ಯ ಮಾಡಿ ಮುಖ್ಯವಾದದ್ದನ್ನು ಕೇಳುತ್ತಾನೆ. ನನಗೋಸ್ಕರ ಎಲ್ಲರನ್ನೂ ಎದುರು ಹಾಕಿಕೊಳ್ಳುತ್ತೀಯಾ ಅಂತ. ಕೇಳಿದ ಮರುಗಳಿಗೆಯೇ ಹಿಂದೆ ಸರಿಯುತ್ತಾನೆ. ಹೌದಾದರೆ ಹೇಳು. ಇಲ್ಲ ಅಂದರೆ ಹೋಗುತ್ತೇನೆ, ಬಲವಂತ ಇಲ್ಲ. ಅಲ್ಲಿಗೆ ಹಾಡು ಮುಗಿಯುತ್ತದೆ. ಹುಡುಗಿ ಏನಂದಳು ಅಂತ ನಮಗೆ ಗೊತ್ತಾಗುವುದಿಲ್ಲ.

ಎರಡೂವರೆ ನಿಮಿಷದಲ್ಲಿ ಇಷ್ಟು. ಇಲ್ಲಿ ದೊಡ್ಡ ಮಾತು ಒಂದೂ ಇಲ್ಲ ನೋಡಿ. ಹದಿಮೂರರ ಹುಡುಗನ ಬಾಯಲ್ಲಿ ಬರುವಂಥ ಮಾತೇ ಎಲ್ಲ. ದೊಡ್ಡವರಾದ ಮೇಲೆ ಬಾಲ್ಯದ ಪ್ರೀತಿಯನ್ನು ನೆನೆದು ಹಾಡುವವರು ಸಾಮಾನ್ಯವಾಗಿ ಅದನ್ನು ನೋಡಿ ನಗುತ್ತಾರೆ, ಇಲ್ಲವೇ ಅದಕ್ಕೆ ಬಣ್ಣ ಬಳಿಯುತ್ತಾರೆ. ಚಿಲ್ಟನ್ ಎರಡನ್ನೂ ಮಾಡಲಿಲ್ಲ. ಆ ಹುಡುಗನ ಪಕ್ಕದಲ್ಲೇ ನಿಂತು ಹಾಡಿದರು. ಗಿಟಾರ್‌ನ ಬೆರಳಾಟವೂ ಹಾಗೇ ಇದೆ. ಮುಂದಕ್ಕೆ ಹೆಜ್ಜೆ ಇಡುತ್ತದೆ, ಸ್ವಲ್ಪ ತಡೆಯುತ್ತದೆ, ಮತ್ತೆ ಹೊರಡುತ್ತದೆ.

ಉಳಿದ ಹಾಡುಗಳಲ್ಲಿ ಎರಡು ಮೂರರ ಹೆಸರು ಹೇಳಿ ಮುಂದೆ ಹೋಗುತ್ತೇನೆ. 'ಇನ್ ದ ಸ್ಟ್ರೀಟ್' ಮಾಡಲು ಕೆಲಸವಿಲ್ಲದೆ ರಾತ್ರಿ ಸುಮ್ನೆ ಕಾರಲ್ಲಿ ಸುತ್ತುವ ಹುಡುಗರ ಹಾಡು. 1998ರಲ್ಲಿ ಶುರುವಾದ ಅಮೆರಿಕದ ಒಂದು ಜನಪ್ರಿಯ ಟಿವಿ ಧಾರಾವಾಹಿಗೆ ಶೀರ್ಷಿಕೆ ಹಾಡಾದದ್ದು ಇದೇ, ಹಾಡಿದವರು ಬೇರೆ. 'ದಿ ಇಂಡಿಯಾ ಸಾಂಗ್' ಹಮ್ಮೆಲ್ ಬರೆದದ್ದು. ಇಂಡಿಯಾಗೆ ಹೋಗಿ, ಕಾಡಿನ ನಡುವೆ ದೊಡ್ಡ ಮನೆಯಲ್ಲಿ ಪಿಯಾನೋ ಬಾರಿಸುತ್ತಾ ಇರಬೇಕು ಅನ್ನುವ ಕನಸು. ಮೆಂಫಿಸ್‌ನಲ್ಲಿ ಕೂತು ಕಂಡ ಭಾರತ ಅದು, ನಮಗೆ ಗುರುತು ಹತ್ತುವುದಿಲ್ಲ. ಆಲ್ಬಮ್‌ನಲ್ಲಿ ನನಗೆ ಅಷ್ಟಾಗಿ ಹಿಡಿಸದ ಹಾಡು. ಬೆಲ್ ಅವರ 'ಟ್ರೈ ಅಗೇನ್' ಮಾತ್ರ ಬಿಡಬಾರದು. ದೇವರೇ, ಒಳ್ಳೆಯವನಾಗಲು ಮತ್ತೆ ಮತ್ತೆ ನೋಡುತ್ತಿದ್ದೇನೆ, ಪ್ರತಿ ಸಲವೂ ಇನ್ನಷ್ಟು ಕಷ್ಟವಾಗುತ್ತಿದೆ ಅನ್ನುವ ಮೊರೆ. 'ಫೀಲ್' ಹಾಡಿನಲ್ಲಿ ಚೀರಿದ ಅದೇ ದನಿ ಇಲ್ಲಿ ಸೋತು ಕೂತಿದೆ.

ಆಲ್ಬಮ್ ಬಂದಾಗ ವಿಮರ್ಶಕರು ಬಾಯ್ತುಂಬ ಹೊಗಳಿದರು. ಇದರ ಒಂದೊಂದು ಹಾಡೂ ಹಿಟ್ ಆಗಬಲ್ಲದು ಅಂತ ಬಿಲ್‌ಬೋರ್ಡ್ ಪತ್ರಿಕೆ ಬರೆಯಿತು. ಆದರೆ ಮಾರಾಟ 10,000 ಪ್ರತಿಯನ್ನೂ ಮುಟ್ಟಲಿಲ್ಲ. ಹಂಚಿಕೆ ಸ್ಟ್ಯಾಕ್ಸ್ ಕೈಯಲ್ಲಿತ್ತು, ಅವರ ಕಸುಬು ಸೋಲ್ ಸಂಗೀತ. ಗಿಟಾರ್ ಪಾಪ್ ಮಾರಿ ಅವರಿಗೆ ರೂಢಿಯಿಲ್ಲ. ಆಮೇಲೆ ಸ್ಟ್ಯಾಕ್ಸ್‌ನ ಹಂಚಿಕೆ ಕೊಲಂಬಿಯಾ ಕಂಪನಿಗೆ ಹೋಯಿತು, ಅಲ್ಲೂ ಇದನ್ನು ಕೇಳುವವರಿರಲಿಲ್ಲ. ಪತ್ರಿಕೆ ಓದಿ ಅಂಗಡಿಗೆ ಹೋದವರಿಗೆ ರೆಕಾರ್ಡೇ ಸಿಗುತ್ತಿರಲಿಲ್ಲ.

ಬೆಲ್ ಅವರನ್ನು ಇದು ತುಂಬಾ ಕಾಡಿತು. ಅದೇ ವರ್ಷ ತಂಡ ಬಿಟ್ಟರು. ಉಳಿದ ಮೂವರು 1974ರಲ್ಲಿ ಇನ್ನೊಂದು ಆಲ್ಬಮ್ ತಂದರು, ಅದೂ ಮಾರಾಟವಾಗಲಿಲ್ಲ. 1978ರ ಡಿಸೆಂಬರ್ 27ರಂದು ಬೆಲ್ ಮೆಂಫಿಸ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 27 ವರ್ಷ. ತಮ್ಮ ಹಾಡುಗಳಿಗೆ ಆಮೇಲೆ ಸಿಕ್ಕ ಪ್ರೀತಿ ಅವರಿಗೆ ಕಾಣಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಪ್ರೀತಿ ಬಂದದ್ದು ಹಾಡು ಕಟ್ಟುವವರಿಂದಲೇ. 1978ರಲ್ಲಿ ಇಂಗ್ಲೆಂಡಿನಲ್ಲಿ ಎರಡೂ ಆಲ್ಬಮ್‌ಗಳು ಒಟ್ಟಿಗೆ ಮರುಮುದ್ರಣವಾದವು. ಕೈಯಿಂದ ಕೈಗೆ, ಟೇಪಿನಿಂದ ಟೇಪಿಗೆ ಹರಿದಾಡಿದವು. ಅಮೆರಿಕದ ಹೆಸರಾಂತ ರಾಕ್ ತಂಡ ಆರ್.ಇ.ಎಂ.ನವರು ತಮಗೆ ಬಿಗ್ ಸ್ಟಾರ್ ಎಷ್ಟು ಮುಖ್ಯ ಅಂತ ಹೇಳಿಕೊಂಡರು. ಅಲ್ಲಿಯದೇ ರಿಪ್ಲೇಸ್‌ಮೆಂಟ್ಸ್ ಅನ್ನುವ ರಾಕ್ ತಂಡ 1987ರಲ್ಲಿ ಚಿಲ್ಟನ್ ಅವರ ಹೆಸರಲ್ಲೇ ಒಂದು ಹಾಡು ಮಾಡಿತು. 'ಥರ್ಟೀನ್' ಹಾಡನ್ನು ಎಲಿಯಟ್ ಸ್ಮಿತ್ ಸೇರಿ ಎಷ್ಟೋ ಗಾಯಕರು ಮತ್ತೆ ಹಾಡಿದ್ದಾರೆ. ಇವರೆಲ್ಲ ಇದರಿಂದ ಕಲಿತದ್ದು ಏನು ಅಂದರೆ, ಗಿಟಾರ್ ತಂಡವೊಂದು ಇಂಪಾಗಿ ಹಾಡಿಯೂ ಮನಸ್ಸಿನ ಕಷ್ಟವನ್ನು ಪೂರ್ತಿ ಹೇಳಬಹುದು ಅನ್ನುವುದನ್ನು.

ಚಿಲ್ಟನ್ 2010ರ ಮಾರ್ಚ್‌ನಲ್ಲಿ ತೀರಿಕೊಂಡರು, ಹಮ್ಮೆಲ್ ಅದೇ ವರ್ಷದ ಜುಲೈನಲ್ಲಿ. ಹಾಡಿನ ಸಹವಾಸ ಬಿಟ್ಟು ಹಮ್ಮೆಲ್ ಎಂಜಿನಿಯರ್ ಆಗಿ ಬಾಳಿದರು. ಜಾನ್ ಫ್ರೈ 2014ರಲ್ಲಿ ಹೋದರು. ಜೋಡಿ ಸ್ಟೀಫನ್ಸ್ ಮಾತ್ರ ಈ ಹಾಡುಗಳನ್ನು ಬಿಡಲಿಲ್ಲ. 2022ರಲ್ಲಿ ಆಲ್ಬಮ್‌ಗೆ 50 ತುಂಬಿದಾಗ, ಇದನ್ನೇ ಕೇಳಿ ಬೆಳೆದ ಕಿರಿಯ ಸಂಗೀತಗಾರರನ್ನು ಜೊತೆಗೆ ಕರೆದುಕೊಂಡು ವೇದಿಕೆ ಹತ್ತಿದರು. ಆರ್.ಇ.ಎಂ.ನ ಮೈಕ್ ಮಿಲ್ಸ್ ಆ ಗುಂಪಿನಲ್ಲಿದ್ದರು.

ಈಗ ಈ ಆಲ್ಬಮ್ ಫೋನಲ್ಲೇ ಸಿಗುತ್ತದೆ. ಕೇಳುವುದಾದರೆ ನಾಲ್ಕನೆಯ ಹಾಡಿನಿಂದ ಶುರು ಮಾಡಿ, ಆಮೇಲೆ ಎರಡನೆಯದು, ಅದಾದ ಮೇಲೆ ಮೊದಲಿನಿಂದ ಕೊನೆಯ ತನಕ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಪಲ್ಲವಿಯಲ್ಲಿ ಹಿಂದಿನ ದನಿಗಳು ಒಂದೊಂದಾಗಿ ಬಂದು ಸೇರುವುದು ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ. ನಮಸ್ಕಾರ.